ಕಂಟ್ರೋಲರ್ ಸಾಹೇಬರ ಐದು ಪಿಚ್ಚರ್

ಕಂಟ್ರೋಲರ್ ಸಾಹೇಬರಿಗೆ ಸಿನಿಮಾಗಳ ಹೆಸರು ನೆನಪಿರುತ್ತಿರಲಿಲ್ಲ. ನೆನಪಿಟ್ಟುಕೊಳ್ಳುವ ಗರಜೂ ಅವರಿಗೆ ಇರಲಿಲ್ಲ ಅನ್ನಿ. ನೋಡಿದ ಪ್ರತಿ ಸಿನಿಮಾಕ್ಕೂ ತಾವೇ ಒಂದು ಹೆಸರಿಡುತ್ತಿದ್ದರು. ಕೆಂಪು ಛತ್ರಿ ಪಿಚ್ಚರ್, ಬಾಗಿಲಿಲ್ಲದ ಮನಿ ಪಿಚ್ಚರ್, ಮಾವ ಚಪ್ಪಲಿ ಹುಡುಕೋ ಪಿಚ್ಚರ್. ಹೀರೋ ಯಾರು, ಕನ್ನಡದ್ದೋ ಮರಾಠಿಯದೋ ಹಿಂದಿಯದೋ ಎಂದು ಕೇಳಿದರೆ, "ಅದೆಲ್ಲಾ ಪೋಸ್ಟರದಾಗ ಬರದಿರ್ತಾರ, ಹೋಗಿ ಓದ್ಕೋರಿ" ಅನ್ನುತ್ತಿದ್ದರು. ನಮ್ಮೂರು ಇಂಡಿಯಲ್ಲಿ ಅವರ ಮಾತು ನಂಬಿ ಸಿನಿಮಾಕ್ಕೆ ಹೊರಟವರು ಮೊದಲು ಆ ಛತ್ರಿ ಯಾವ ಸಿನಿಮಾದಲ್ಲಿದೆ ಅಂತ ಪತ್ತೆ ಹಚ್ಚಬೇಕಾಗುತ್ತಿತ್ತು.

ಅವರು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗುವವರು. ನಾನು ಇಂಡಿಯಿಂದ ಸಿಂದಗಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿಗೆ ದಿನಾ ಹೋಗಿಬರುವ ಗಣಿತದ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕಾರು. ಮುಂಜಾನೆ ಮನೆ ಕೆಲಸ ಮುಗಿಸಿ ಓಡಿಬರುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಗಿರುತ್ತಿತ್ತು. ಒಂದು ದಿನ ನಾನಿನ್ನೂ ಗೇಟಿನ ಹೊರಗಿದ್ದೆ. ಮೈಕಿನಲ್ಲಿ ಕೇಳಿಸಿತು: "ಸಿಂದಗಿ ಗಾಡಿ ಡ್ರೈವರ್, ಒಂದ್ ನಿಮಿಷ ತಡೀರಿ. ಅಕ್ಕಾರ ಬರಾಕತ್ತಾರ. ಊಟದ ಡಬ್ಬಿ ಮರತಾರಂತ ಕಾಣಸ್ತೈತಿ, ಕೈಯಾಗ ಇಲ್ಲ." ಸ್ಟ್ಯಾಂಡಿನಲ್ಲಿದ್ದ ಅಷ್ಟೂ ಮಂದಿ ನನ್ನ ಕೈ ನೋಡಿದರು. ಡಬ್ಬಿ ನಿಜವಾಗಿಯೂ ಮರೆತಿದ್ದೆ. ಸಿಟ್ಟು ಬಂದು ಕಿಟಕಿಗೆ ಹೋಗಿ, "ಏನ್ರಿ ಸಾಹೇಬ್ರ, ನನ್ನ ಡಬ್ಬಿ ಸುದ್ದಿ ಊರಿಗೆಲ್ಲಾ ಎದಕ್ಕ?" ಅಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ಕೇಳಿ, ನಕ್ಕು, ತಮ್ಮ ಡಬ್ಬಿಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಕಾಗದದಲ್ಲಿ ಸುತ್ತಿ ಕೊಟ್ಟರು. ಜಗಳ ಮಾಡಲು ಹೋದವಳು ರೊಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಅವರ ಊರು ಆಲಮೇಲ. ಹರೆಯದಲ್ಲಿ ಸಿನಿಮಾ ನೋಡಬೇಕೆಂದರೆ ಸಿಂದಗಿಗೇ ಬರಬೇಕು. ಆದರೆ ಆಲಮೇಲಕ್ಕೆ ಕೊನೆಯ ಬಸ್ಸು ಸಂಜೆ ಆಟ ಮುಗಿಯುವುದಕ್ಕಿಂತ ಮೊದಲೇ ಹೊರಟುಬಿಡುತ್ತಿತ್ತು. ಹೀಗಾಗಿ ಹತ್ತಾರು ವರ್ಷ ಈ ಮನುಷ್ಯ ಒಂದು ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ವಿಲನ್ ಹೀರೋನ ತಾಯಿಯನ್ನು ಕಂಬಕ್ಕೆ ಕಟ್ಟಿದ ಹೊತ್ತಿಗೆ ಸರಿಯಾಗಿ ಎದ್ದು ಬಸ್ಸಿಗೆ ಓಡಬೇಕು. ಬಸ್ಸಿನಲ್ಲಿ ಆಲಮೇಲದ ಹುಡುಗರೆಲ್ಲ ಕೂತು ಮುಂದೇನಾಗಿರಬಹುದು ಅಂತ ತಾವೇ ಕಥೆ ಕಟ್ಟುತ್ತಿದ್ದರಂತೆ. "ನಾವು ಕಟ್ಟಿದ್ದ ಛಲೋ ಇರ್ತಿತ್ರಿ. ನಾವು ತಾಯಿನ ಒಮ್ಮೆನೂ ಸಾಯಗೊಟ್ಟಿಲ್ಲ" ಅನ್ನುತ್ತಿದ್ದರು.

ಮುಂದೆ ಅವರೇ ಕಂಡಕ್ಟರ್ ಆಗಿ ಅದೇ ಕೊನೆಯ ಬಸ್ಸಿನ ಮೇಲೆ ಡ್ಯೂಟಿ ಬಿತ್ತು. ಮೊದಲ ವಾರವೇ ಟಾಕೀಜು ಬಿಡುವವರೆಗೆ ಬಸ್ಸನ್ನು ತಡೆದು ನಿಲ್ಲಿಸಿದರು. ಆಲಮೇಲದವರು ಅವತ್ತು ಮೊದಲ ಬಾರಿ ಸಿನಿಮಾದ ಕೊನೆ ನೋಡಿ ಬಂದರು. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡರೆ, ಬಸ್ಸಿನ ತುಂಬಾ, "ಇದೇನೋ ಮಾರಾಯಾ, ತಾಯಿನ ಕೊಂದೇ ಬಿಟ್ಟ" ಎಂಬ ಗೊಣಗಾಟ. ಸಾಲದ್ದಕ್ಕೆ ಬಸ್ಸು ತಡ ಮಾಡಿದ್ದಕ್ಕೆ ಡಿಪೋದಿಂದ ಮೆಮೋ. ಈ ಕಥೆಯನ್ನು ಅವರು ಹೇಳುತ್ತಿದ್ದರೆ ಪಕ್ಕದಲ್ಲಿ ಕೂತ ಅವರ ಹೆಂಡತಿ ಒಂದೆರಡು ಮಾತು ತಿದ್ದುತ್ತಿದ್ದರು. ನಾವು ಅವರನ್ನು ಭಾಬಿ ಅಂತ ಕರೆಯುತ್ತಿದ್ದೆವು.

ಭಾಬಿ ಕುಳ್ಳಗೆ, ತೆಳ್ಳಗೆ. ಮಾತು ಮಾತ್ರ ಸರಾಗ. ಸಾಹೇಬರು ಎಲ್ಲಿ ಕೂತರೂ ಎಡಕ್ಕೆ ಭಾಬಿ ಕೂರಲೇಬೇಕು, ಕೂತ ಮೇಲೆ ಮಾತು ನಡೆಯಲೇಬೇಕು. ಇಂಡಿಯ ಟಾಕೀಜು ಮುಚ್ಚಿ ಮದುವೆ ಹಾಲ್ ಆದ ಮೇಲೆ ಇಬ್ಬರೂ ಸಿನಿಮಾಕ್ಕೆ ವಿಜಯಪುರಕ್ಕೋ ಸೋಲಾಪುರಕ್ಕೋ ಹೋಗುತ್ತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಒಂದೆರಡು ಸಲ ನಾನೂ ಇದ್ದೆ. ವಿಜಯಪುರ ಬಿಟ್ಟಾಗ ಶುರುವಾದ ಭಾಬಿಯ ಮಾತು ಇಂಡಿ ಬಂದರೂ ನಿಂತಿರಲಿಲ್ಲ. ಇಬ್ಬರೂ ಕೂಡಿ ನೋಡಿದ ಸಿನಿಮಾದ ಕಥೆಯನ್ನೇ ಆಕೆ ಆತನ ಕಿವಿಯ ಹತ್ತಿರ ಬಾಯಿಟ್ಟು ಪೂರ್ತಿ ಹೇಳುತ್ತಿದ್ದರು. "ಆಗ ಆಕಿ ಅಂದ್ಳು, ನಾ ನಿನ್ನ ಮನಿಗಿ ಬರಂಗಿಲ್ಲ. ಅಂವ ಅಂದ, ಬರಬ್ಯಾಡ, ಮಗನ್ನರೆ ಕಳಸು." ಇಡೀ ಬಸ್ಸಿಗೆ ಕೇಳಿಸುತ್ತಿತ್ತು. ಸಾಹೇಬರು ತಲೆ ಬಗ್ಗಿಸಿ, ಬೈಸಿಕೊಳ್ಳುವ ಹುಡುಗನ ಹಾಗೆ ಕೇಳುತ್ತಿದ್ದರು. ನಾನು ಮನೆಗೆ ಬಂದು, "ಸಾಹೇಬ್ರಿಗಿ ಸ್ಟ್ಯಾಂಡಿನ್ಯಾಗ ಮೈಕು, ಮನ್ಯಾಗ ಭಾಬಿ. ಪಾಪ, ಆ ಮನಷ್ಯಾ ಹ್ಯಾಂಗ ಬಾಳೇವು ಮಾಡ್ತಾನೋ" ಅಂತ ನಕ್ಕಿದ್ದೆ. ನಮ್ಮ ಮನೆಯವರೂ ನಕ್ಕಿದ್ದರು.

ವರ್ಷದ ಐದು ಪಿಚ್ಚರ್ ಹೇಳುವ ಪದ್ಧತಿ ಶುರುವಾದದ್ದು ನಮ್ಮ ಹೊಲದಲ್ಲಿ. ಊರ ಹೊರಗೆ ನಮ್ಮದು ಲಿಂಬಿ ತೋಟ, ಅದಕ್ಕೆ ಅಂಟಿಕೊಂಡು ಒಂದಿಷ್ಟು ಜೋಳದ ಹೊಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೇವಿನ ಮರದ ಬುಡದಲ್ಲಿ ಕೂತು ಎಲ್ಲರೂ ಊಟ ಮಾಡುತ್ತೇವೆ. ಗೆಳೆಯರನ್ನು ಕರೆಯುವುದು ನಮ್ಮ ಮನೆಯವರ ರೂಢಿ. ಸಾಹೇಬರೂ ಭಾಬಿಯೂ ಮೊದಲ ಬಾರಿ ಬಂದ ವರ್ಷ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ ಎಲ್ಲ ಮುಗಿದು ಎಲೆ ಅಡಿಕೆ ಬರುವ ಹೊತ್ತಿಗೆ ಯಾರೋ, "ಸಾಹೇಬ್ರ, ಈ ವರ್ಷ ಯಾವ ಪಿಚ್ಚರ್ ಛಲೋ ಇತ್ರಿ?" ಅಂತ ಸುಮ್ಮನೆ ಕೇಳಿದರು. ಅವರು ಬಲಗೈ ಎತ್ತಿ ಕಿರುಬೆರಳು ಮಡಚಿದರು. ಅದು ಐದನೆಯದು. ಆಮೇಲೆ ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಕೊನೆಗೆ ಹೆಬ್ಬಟ್ಟು. ಅದು ಆ ವರ್ಷದ ಮೊದಲನೆಯ ಪಿಚ್ಚರ್.

"ಹೆಬ್ಬಟ್ಟು ಇಲ್ಲಂದ್ರ ರೊಟ್ಟಿ ಮುರಿಯಾಕ ಬರಂಗಿಲ್ರಿ. ಉಳದ ನಾಕು ಅದಕ್ಕ ಜೋಡಿ ಅಷ್ಟ" ಅಂದರು.

ಮುಂದಿನ ವರ್ಷದಿಂದ ಅವರು ತಯಾರಾಗಿಯೇ ಬರತೊಡಗಿದರು. ಕೆಲವು ವರ್ಷ ಎರಡು ಬೆರಳು ಮಡಚದೆ ಹಾಗೇ ಬಿಡುತ್ತಿದ್ದರು. "ಈ ವರ್ಷ ಮೂರ ಇದ್ವು. ಇಲ್ಲದ್ದು ಎಲ್ಲಿಂದ ತರ್ಲಿ?" ಅನ್ನುವರು. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರು ಬೇಕಾದರೂ ತಕರಾರು ಮಾಡಬಹುದು. ಆದರೆ ಛಲೋ ಇತ್ತು, ಛಲೋ ಇರಲಿಲ್ಲ ಅಂದರೆ ನಡೆಯುವುದಿಲ್ಲ. "ಏನ್ ಕಂಡ್ರಿ ಹೇಳ್ರಿ" ಅನ್ನುತ್ತಿದ್ದರು. ಕಂಡದ್ದು ಒಂದಾದರೂ ಹೇಳಬೇಕು, ಇಲ್ಲವಾದರೆ ಬಾಯಿ ಮುಚ್ಚಿ ಎಲೆ ಹಾಕಿಕೊಳ್ಳಬೇಕು.

ಅವರ ಆಯ್ಕೆ ಎಲ್ಲಾ ಬಂಗಾರ ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾವ ಸಿನಿಮಾದಲ್ಲಿ ಬಸ್ಸು ಬಂದರೂ ಅದಕ್ಕೊಂದು ಬೆರಳು ಗ್ಯಾರಂಟಿ. ಹೀಗೇ ಒಂದು ಅಡ್ಡಾದಿಡ್ಡಿ ಸಿನಿಮಾ ಒಂದು ವರ್ಷ ಹೆಬ್ಬಟ್ಟಿನವರೆಗೂ ಹೋಗಿತ್ತು. ಅದರಲ್ಲಿ ಕಂಡಕ್ಟರು ಮುದುಕಿಯೊಬ್ಬಳ ಗಂಟನ್ನು ಮೊದಲು ಇಳಿಸಿ ಆಮೇಲೆ ಮುದುಕಿಯ ಕೈ ಹಿಡಿಯುತ್ತಾನೆ ಎಂಬುದೊಂದೇ ಕಾರಣ. ನಾನು ಅದನ್ನು ನೋಡಿ ಬಂದು ತಲೆನೋವಿನ ಗುಳಿಗೆ ತಗೊಂಡಿದ್ದೆ. ಸಾಹೇಬರು ಮೊಂಡರೂ ಹೌದು. ಮಾತಾಡಲು ಶುರು ಮಾಡಿದರೆ ಇನ್ನೊಬ್ಬರಿಗೆ ಸಂದು ಕೊಡುತ್ತಿರಲಿಲ್ಲ. ನಟರನ್ನು ಮಾತ್ರ ಬೈಯುತ್ತಿರಲಿಲ್ಲ. "ಬಿಸಲಾಗ ನಿಂತು ದುಡದಾನ ಪಾಪ, ಬಿಡ್ರಿ" ಅನ್ನುತ್ತಿದ್ದರು.

ಅವರ ಕಾಯಂ ಎದುರಾಳಿ ನಮ್ಮ ಮನೆಯವರ ಗೆಳೆಯ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಲೆಕ್ಚರರ್. ಆತನೂ ಸಿನಿಮಾ ಹುಚ್ಚ, ಆದರೆ ಎಲ್ಲವನ್ನೂ ಫೋನಿನಲ್ಲೇ ನೋಡುವವನು. ಇಬ್ಬರೂ ಪ್ರತಿ ಎಳ್ಳಮಾವಾಸ್ಯೆಗೆ ಹೋಳಿಗೆ ಹಂಚಿಕೊಂಡು ತಿಂದು ಆಮೇಲೆ ಜಗಳಾಡುತ್ತಿದ್ದರು. ಒಮ್ಮೆ ಜಗಳ ಜೋರಾಗಿ ಸಾಹೇಬರು ಯುಗಾದಿಯವರೆಗೂ ಆತನೊಂದಿಗೆ ಮಾತು ಬಿಟ್ಟಿದ್ದರು. ಆತ ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿಯಲ್ಲಿ ಬಸ್ಸಿನ ವೇಳೆ ಕೇಳಿದರೆ, ಆತನಿಗೆ ಉತ್ತರ ಕೊಡದೆ ಮೈಕಿನಲ್ಲಿ ಊರಿಗೆಲ್ಲಾ ಹೇಳುತ್ತಿದ್ದರು.

ಬರಬರುತ್ತಾ ಸಾಹೇಬರ ಬೆರಳುಗಳಲ್ಲಿ ಒಂದು ಬದಲಾವಣೆ ಬಂತು. ಹೊಡೆದಾಟ, ಡೈಲಾಗು, ಹಾಸ್ಯದ ಸಿನಿಮಾಗಳು ಒಂದೊಂದೇ ಹಿಂದೆ ಬಿದ್ದವು. ಜನ ಸುಮ್ಮನೆ ನಡೆಯುವ, ಕೂರುವ, ಕಿಟಕಿಯಿಂದ ನೋಡುವ ಸಿನಿಮಾಗಳು ಮುಂದೆ ಬಂದವು. ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಲೆಕ್ಚರರಿಗೆ. "ಸಾಹೇಬ್ರ ಅಭಿರುಚಿ ಭಾಳ ಬೆಳದೈತಿ. ಈಗ ಅವ್ರು ಮೌನದ ಸಿನಿಮಾ ನೋಡ್ತಾರ" ಅಂತ ಕಾಲೇಜಿನ ಹುಡುಗರಿಗೂ ಹೇಳಿಕೊಂಡು ತಿರುಗಿದ. ಸಾಹೇಬರು ಈ ಹೊಗಳಿಕೆಯನ್ನು ಮೀಸೆಯಡಿ ನಗುತ್ತಾ ತಗೊಂಡರು. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ವರ್ಷಗಟ್ಟಲೆ ಬಸ್ಸಿನ ಹಾರ್ನು, ಇಂಜಿನ್ನು, ತಲೆಯ ಮೇಲೆಯೇ ಇದ್ದ ಸ್ಪೀಕರು, ಏನು ಕಾರಣವೋ. ಇಷ್ಟು ವರ್ಷ ಒಡನಾಡಿದ ನಮಗೆ ಇದು ಗೊತ್ತಾಗಲಿಲ್ಲವೇ ಅಂತ ನಮ್ಮ ಕಡೆಯವರ ಮಾತಿನ ಜೋರು ಗೊತ್ತಿಲ್ಲದವರು ಮಾತ್ರ ಕೇಳಬೇಕು. ಇಲ್ಲಿ ಉಪ್ಪು ಕೊಡು ಅನ್ನುವುದನ್ನೂ ಆಚೆ ಓಣಿಗೆ ಕೇಳುವಂತೆ ಅನ್ನುತ್ತೇವೆ. ಬಸ್ ಸ್ಟ್ಯಾಂಡಿನ ಕಿಟಕಿಯಲ್ಲಂತೂ ಎಲ್ಲರೂ ಕೂಗಿಯೇ ಕೇಳುವುದು, ಅವರು ಕೂಗಿಯೇ ಹೇಳುವುದು. ಒಮ್ಮೆ ಹೇಳಿದ್ದನ್ನು ಮೂರು ಸಲ ಹೇಳಿಸುವುದು ಸರಕಾರಿ ಕಿಟಕಿಯ ಗತ್ತು ಅಂತ ಜನ ತಿಳಿದರು. ಬೆಂಗಳೂರಿನ ಕಡೆ ಇದ್ದಿದ್ದರೆ ಮೊದಲ ತಿಂಗಳೇ ಸಿಕ್ಕಿಬೀಳುತ್ತಿದ್ದರು.

ನನಗೆ ಗೊತ್ತಾದದ್ದು ಅವರು ನಿವೃತ್ತರಾದ ಮೇಲಿನ ಎರಡನೆಯ ಎಳ್ಳಮಾವಾಸ್ಯೆಯಂದು. ಆ ವರ್ಷ ಹೆಬ್ಬಟ್ಟಿಗೆ ಬಂದದ್ದು ಹಿಟ್ಟು ನಾದೋ ಪಿಚ್ಚರ್. ಲೆಕ್ಚರರೂ ಅದನ್ನು ನೋಡಿದ್ದ, ಅವನಿಗೂ ಅದು ಮೆಚ್ಚುಗೆಯಾಗಿತ್ತು. ಅಪರೂಪಕ್ಕೆ ಇಬ್ಬರೂ ಒಂದಾದರಲ್ಲ ಅಂತ ನಾನು ನೆಮ್ಮದಿಯಿಂದ ಪಾತ್ರೆ ಎತ್ತುತ್ತಿದ್ದೆ. ಭಾಬಿ ಕೈ ತೊಳೆಯಲು ಬಾವಿಯ ಕಡೆ ಹೋಗಿದ್ದರು. ಲೆಕ್ಚರರ್ ಸಾಹೇಬರ ಬಲಕ್ಕೆ ಸರಿದು ಕೂತು ಕೇಳಿದ:

"ಸಾಹೇಬ್ರ, ಒಳಗಿನ ಖೋಲ್ಯಾಗ ಮಗಳು ಹಾಡು ಹಾಡ್ತಿರ್ತಾಳಲ್ರಿ, ಅದು ನಡುವ ನಿಲ್ತೈತಿ. ಆಗ ನಿಮಗೇನ್ ಅನಸ್ತು?"

ಸಾಹೇಬರು ಆತನ ಬಾಯಿ ನೋಡಿದರು. ಆಮೇಲೆ ತಮ್ಮ ಎಡಕ್ಕೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ. "ತಾಯಿ ಕೈ ನಿಂತ್ವು. ಬೆರಳು ಹಿಟ್ಟಿನ್ಯಾಗ ಹಂಗ ಉಳದ್ವು. ನನಗ ಅಲ್ಲೇ ಹೆಬ್ಬಟ್ಟು ಅಂತ ಖಾತ್ರಿ ಆತು" ಅಂದರು.

"ಅದು ಖರೇರಿ. ನಾ ಕೇಳಿದ್ದು ಹಾಡಿಂದು. ಹಾಡು ಯಾಕ ನಿಲ್ಲಸ್ತಾಳಂತ ನಿಮಗನಸ್ತೈತಿ?"

"ಎಲ್ಲಾ ಬಿಚ್ಚಿ ಹೇಳಬೇಕೇನ್ರಿ ನಿಮಗ?" ಅಂತ ಸಾಹೇಬರು ಸಿಟ್ಟಿನಿಂದ ಎದ್ದು ಬಾವಿಯ ಕಡೆ ನಡೆದರು.

ಲೆಕ್ಚರರ್ ಪೆಚ್ಚಾಗಿ ಕೂತ. ಸಿನಿಮಾದ ಬಗ್ಗೆ ಕೇಳಿದರೆ ಈ ಮನುಷ್ಯ ಎದ್ದು ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮತ್ತೆ ಯುಗಾದಿಯವರೆಗೆ ಮಾತು ಬಿಡುತ್ತಾರೋ ಏನೋ ಎಂದು ಮಜ್ಜಿಗೆ ತಂಬಿಗೆ ಹಿಡಿದು ಹಿಂದೆಯೇ ಹೋದೆ. ಲಿಂಬಿ ಗಿಡಗಳ ಆಚೆ ಬಾವಿಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಭಾಬಿ ಅವರ ಎಡಗಿವಿಗೆ ಬಾಯಿಟ್ಟು ಹೇಳುತ್ತಿದ್ದರು: "ಹಾಡು ಬರ್ತೈತಿ, ಒಳಗ ಮಗಳು ಹಾಡ್ತಾಳ. ಅಪ್ಪ ಬಂದ ಸಪ್ಪಳ ಕೇಳಿ ನಿಲ್ಲಸ್ತಾಳ. ಬಸ್ಸಿನ್ಯಾಗ ಹೇಳಿದ್ನೆಲ್ರಿ, ಮರತ್ರ್ಯಾ?"

ನಾನು ಅಲ್ಲೇ ನಿಂತೆ. ಬಸ್ಸಿನಲ್ಲಿ ಭಾಬಿ ಆಡುತ್ತಿದ್ದ ಅಷ್ಟೂ ಮಾತು ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಆಕೆ ವಾಚಾಳಿ ಆಗಿರಲಿಲ್ಲ. ಸಿನಿಮಾದ ಮಾತುಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಂದು ಗಂಡನ ಕಿವಿಗೆ ಹಾಕುತ್ತಿದ್ದರು. ನಾವು ಅದನ್ನು ಕೇಳಿ ನಗುತ್ತಿದ್ದೆವು.

ಸಾಹೇಬರು ನನ್ನನ್ನು ನೋಡಿದರು. "ಬರ್ರಿ ಅಕ್ಕಾರ, ಕೂಡ್ರಿ. ಕೇಳಸ್ಕೊಂಡ್ರಿ ಅಂತ ಮಾರಿ ಮ್ಯಾಲ ಬರದೈತಿ."

"ಮಶೀನ್ ಹಾಕ್ಕೋಬೇಕಿಲ್ರಿ ಸಾಹೇಬ್ರ?" ಅಂದೆ, ಜೋರಾಗಿ.

ಅವರು ಅಂಗಿಯ ಕಿಸೆಯಿಂದ ಮಶೀನು ತೆಗೆದು ತೋರಿಸಿದರು. "ಐತ್ರಿ. ಮನ್ಯಾಗ ಒಬ್ಬರ ಮಾತಿಗಿ ನಡೀತೈತಿ. ಟಾಕೀಜಿನ್ಯಾಗ ಹಾಕ್ಕೊಂಡ್ರ ಹಾಡೂ ಒಂದ, ಖುರ್ಚಿ ಸಪ್ಪಳಾನೂ ಒಂದ, ಹಿಂದಿನಾಂವ ಚಿಪ್ಸ್ ತಿನ್ನೋದೂ ಒಂದ. ತಲಿ ಒಡದು ಹೋಗ್ತೈತಿ." ಆಮೇಲೆ ದನಿ ಇಳಿಸಿದರು. ಇಳಿಸಿದರೂ ತೋಟದ ಆ ತುದಿಗೆ ಕೇಳುವಷ್ಟಿತ್ತು. "ಅಕ್ಕಾರ, ಮೈಕು ಹೋತು. ನೌಕರಿ ಹೋತು. ವರ್ಷಕ್ಕೊಮ್ಮೆ ಈ ಮರದ ಬುಡಕ ಕುಂತು ಐದು ಬೆರಳು ಮಡಚೋದು, ಇದೊಂದ ಉಳದೈತಿ. ಕಿವುಡ ಹೇಳಿದ ಪಿಚ್ಚರಿಗಿ ಏನ್ ಕಿಮ್ಮತ್ರಿ? ಆ ಲೆಕ್ಚರರ್‌ಗ ಗೊತ್ತಾತಂದ್ರ ಮುಂದಿನ ವರ್ಷ ಕೇಳಂಗಿಲ್ಲ. ಕೇಳಿದ್ರೂ ಪಾಪ ಅಂತ ಕೇಳ್ತಾನ. ಅದು ನನಗ ಬ್ಯಾಡ."

ನಾನು ಯಾರಿಗೂ ಹೇಳುವುದಿಲ್ಲ ಅಂದೆ. ನಮ್ಮ ಮನೆಯವರಿಗೂ ಹೇಳಲಿಲ್ಲ. ಅವರಿಗೆ ಹೇಳುವುದೂ ಸಾಹೇಬರ ಕೈಗೆ ಮೈಕು ಕೊಡುವುದೂ ಎರಡೂ ಒಂದೇ.

ಅಂದಿನಿಂದ ಎಳ್ಳಮಾವಾಸ್ಯೆಯ ದಿನ ಜಮಖಾನೆ ಹಾಸುವ ಕೆಲಸ ನಾನೇ ವಹಿಸಿಕೊಂಡೆ. ಸಾಹೇಬರ ಬೆನ್ನು ಮರಕ್ಕೆ ಬರಬೇಕು, ಬಲಕ್ಕೆ ಬುಟ್ಟಿ, ತಂಬಿಗೆ, ಚರಗದ ಗಡಿಗೆ ಇಡಬೇಕು. ಎಡಕ್ಕೆ ಭಾಬಿ, ಭಾಬಿಯ ಆಚೆ ಲೆಕ್ಚರರ್. ಆತ ಏನೇ ಕೇಳಿದರೂ ಭಾಬಿ, "ಏನಂದ್ರಿ, ಹಾಡಿನ ಸುದ್ದಿ ಕೇಳಿದ್ರ್ಯಾ?" ಅಂತ ಒಮ್ಮೆ ತಿರುಗಿ ಆಡುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಮಾತು ಬೇರೆ ಕಡೆ ಸರಿದರೆ ನಾನು ನಡುವೆ ಇನ್ನೊಂದು ಹೋಳಿಗೆ ಬಡಿಸಲು ಹೋಗುತ್ತಿದ್ದೆ. ಸುಳ್ಳಿಗೆ ಪಾಲುದಾರಳಾದೆನಲ್ಲ ಅಂತ ನನಗೆ ಬೇಸರವೇನೂ ಆಗಲಿಲ್ಲ. ಪಾಠ ಮಾಡುವಾಗ ಹಿಂದಿನ ಬೆಂಚಿಗೆ ಉತ್ತರ ದಾಟಿಸುವ ಹುಡುಗಿಯರನ್ನು ಎಷ್ಟೋ ಸಲ ಹಿಡಿದಿದ್ದೇನೆ. ಅವರಿಗೆ ಅದರಲ್ಲಿ ಏನು ಸುಖವಿತ್ತು ಅಂತ ಆಗ ತಿಳಿಯಿತು.

ಒಮ್ಮೆ ನಾನು ಸಾಹೇಬರನ್ನು ಕೇಳಿದೆ, ಮಾತು ಕೇಳದೆ ಸಿನಿಮಾ ಹೇಗೆ ರುಚಿಸುತ್ತದೆ ಅಂತ. "ಹರೇದಾಗ ಕೊನಿ ನೋಡದ ಪಿಚ್ಚರ್ ನೋಡಿದಾಂವ ರೀ ನಾ. ಸಿಕ್ಕಷ್ಟು ನೋಡೋದು, ಉಳದದ್ದು ಬಸ್ಸಿನ್ಯಾಗ ಕಟ್ಟೋದು. ಆಗ ಗೆಳ್ಯಾರು ಇದ್ರು, ಈಗ ಈಕಿ ಅದಾಳ" ಅಂದರು. ಅಷ್ಟು ಹೇಳಿ, ಬಸ್ಸು ಬರುವ ಇನ್ನೊಂದು ಸಿನಿಮಾದ ಸುದ್ದಿ ತೆಗೆದರು.

ಹೀಗೇ ಕೆಲವು ವರ್ಷ ನಡೆದ ಮೇಲೆ ಒಂದು ಆಷಾಢದಲ್ಲಿ ಅವರು ತೀರಿಕೊಂಡರು. ಎದೆನೋವು ಅಂತ ಸೋಲಾಪುರಕ್ಕೆ ಕರೆದುಕೊಂಡು ಹೋದರು, ದಾರಿಯಲ್ಲೇ ಮುಗಿದಿತ್ತು. ಮಣ್ಣು ಮಾಡಿದ್ದು ಆಲಮೇಲದಲ್ಲಿ. ಸುದ್ದಿ ತಿಳಿದು ನಾನು, ನಮ್ಮ ಮನೆಯವರು, ಲೆಕ್ಚರರ್ ಬಸ್ ಸ್ಟ್ಯಾಂಡಿಗೆ ಓಡಿದಾಗ ಬಸ್ಸು ಹೊರಡುವ ವೇಳೆ ಮೀರಿತ್ತು. ಆದರೆ ಬಸ್ಸು ನಿಂತೇ ಇತ್ತು. ಕಿಟಕಿಯ ಹಿಂದೆ ಈಗಿರುವ ಕಂಟ್ರೋಲರ್ ಮೈಕಿನಲ್ಲಿ, "ಸಾಹೇಬ್ರ ಮಣ್ಣಿಗೆ ಹೋಗೋರು ಹತ್ತಿಕೋರಿ, ಗಾಡಿ ನಿಂತೈತಿ" ಅಂತ ಕೂಗುತ್ತಿದ್ದ. ಅದಕ್ಕೆ ಯಾರಿಗಾದರೂ ಮೆಮೋ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.

ಎಳ್ಳಮಾವಾಸ್ಯೆಯ ಹೊತ್ತಿಗೆ, ಗಂಡ ತೀರಿದ ಮೇಲೆ ಮನೆಯಲ್ಲೇ ಇರಬೇಕಾದ ಭಾಬಿಯ ಇದ್ದತ್ ಮುಗಿದಿತ್ತು. ಮುದ್ದೇಬಿಹಾಳದಲ್ಲಿರುವ ಮಗಳು ತನ್ನ ಹತ್ತಿರ ಬಾ ಅಂತ ಕರೆದರೂ ಹೋಗಿರಲಿಲ್ಲ. ಬರುತ್ತಾರೋ ಇಲ್ಲವೋ ಎಂದುಕೊಳ್ಳುತ್ತಿರುವಾಗ ಟೆಂಪೋ ಇಳಿದು, ಖೀರಿನ ಡಬ್ಬಿ ಹಿಡಿದು, ಲಿಂಬಿ ಗಿಡಗಳ ನಡುವೆ ಒಬ್ಬರೇ ನಡೆದು ಬಂದರು. ನಾನು ರೂಢಿಯಂತೆ ಜಮಖಾನೆ ಹಾಸಿ, ರೂಢಿಯಂತೆ ಬುಟ್ಟಿ ತಂಬಿಗೆ ಬಲಕ್ಕೆ ಇಟ್ಟಿದ್ದೆ. ಮರದ ಬುಡದ ಜಾಗ ಖಾಲಿ ಇತ್ತು. ಭಾಬಿ ಅದರ ಎಡಕ್ಕೆ, ತಮ್ಮ ಜಾಗದಲ್ಲೇ ಕೂತರು.

ಊಟವಾಯಿತು. ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬಂತು. ಲೆಕ್ಚರರ್ ತಟ್ಟೆಯನ್ನು ಭಾಬಿಯ ಕಡೆ ಸರಿಸಿ, "ಭಾಬಿ, ಸಾಹೇಬ್ರು ಈ ವರ್ಷದ್ದು ಏನರೆ ಹೇಳಿದ್ರೇನ್ರಿ?" ಅಂದ.

ಭಾಬಿ ಬಲಗೈ ಎತ್ತಿದರು. ಕಿರುಬೆರಳು ಮಡಚಿದರು. "ಗಡಿಯಾರ ರಿಪೇರಿ ಪಿಚ್ಚರ್." ಉಂಗುರದ ಬೆರಳು. "ಇಬ್ಬರು ಹೆಂಗಸರು ಹೊಳಿ ದಾಟೋ ಪಿಚ್ಚರ್." ನಡುಬೆರಳು. "ಹಸರು ಬಸ್ಸಿನ ಪಿಚ್ಚರ್." ನಾವೆಲ್ಲ ನಕ್ಕೆವು. ಭಾಬಿಯೂ ನಕ್ಕರು. ಆಮೇಲೆ ತೋರುಬೆರಳು. "ಗ್ವಾಡಿಗಿ ಸುಣ್ಣ ಹಚ್ಚೋ ಪಿಚ್ಚರ್."

ಲೆಕ್ಚರರಿಗೆ ಹಳೆಯ ಹುರುಪು ಬಂತು. "ಸುಣ್ಣದ್ದು ನಾನೂ ನೋಡೇನಿ, ನನಗ ಅಷ್ಟು ಸೇರ್ಲಿಲ್ರಿ. ನೀವು ಹೇಳ್ರಿ ಭಾಬಿ, ಅದರಾಗ ಏನ್ ಕಂಡ್ರಿ?"

"ನಾ ಏನೂ ಕಂಡಿಲ್ರಿ" ಅಂದರು ಭಾಬಿ.

ಆತ ನಕ್ಕ. ಆಕೆ ನಗಲಿಲ್ಲ. ಮಡಚಿದ ಬೆರಳುಗಳನ್ನು ಹಾಗೇ ಹಿಡಿದುಕೊಂಡು ಹೇಳಿದರು: "ಅವ್ರಿಗಿ ಕಿವಿ ಕೇಳ್ತಿದ್ದಿಲ್ರಿ. ಭಾಳ ವರ್ಷ ಆಗಿತ್ತು. ನಿಮಗ ಹೇಳಬ್ಯಾಡ ಅಂದಿದ್ರು, ನಾನೂ ಹೇಳಲಿಲ್ಲ. ಟಾಕೀಜಿನ್ಯಾಗ ಅವ್ರು ನೋಡೋರು, ನಾ ಕೇಳಾಕಿ. ಪಡದೆ ನೋಡಕೋತ ಕುಂತ್ರ ಮಾತು ಮರೀತಾವು, ಅದೂ ಹಿಂದಿ ಮರಾಠಿ ಗಡಬಡ ಆಡ್ತಾರ. ಅದಕ್ಕ ಕಣ್ ಮುಚ್ಚಿ ಕೂಡ್ತಿದ್ದೆ. ಬಸ್ಸಿನ್ಯಾಗ ನಾ ಮಾತು ಹೇಳ್ತಿದ್ದೆ. ಮನಿಗಿ ಬಂದು ಚಾ ಕುಡ್ಯಾಗ ಅವ್ರು ಹೇಳ್ತಿದ್ರು, ಆಕಿ ಸೀರಿ ಹಿಂಗಿತ್ತು, ಮನಿ ಹಂಗಿತ್ತು, ಅಳು ತಡಕೊಂಡು ಅಂವ ಗ್ವಾಡಿ ಕಡಿ ತಿರುಗಿದ ಅಂತ. ಆವಾಗ ನನಗ ಪಿಚ್ಚರ್ ಆಗ್ತಿತ್ತು."

ನಮ್ಮ ಮನೆಯವರು ನನ್ನ ಕಡೆ ನೋಡಿದರು, ನಾನು ಎಲೆಯ ತೊಟ್ಟು ಮುರಿಯುತ್ತಾ ಕೂತೆ. ನನಗೆ ಲೆಕ್ಚರರನ ಮೇಲೆಯೇ ಕಣ್ಣು. ಸಾಹೇಬರು ಅಷ್ಟು ವರ್ಷ ಹೆದರಿದ್ದು ಈ ಒಬ್ಬ ಮನುಷ್ಯನಿಗೆ. ಈಗ ಪಾಪ ಅಂದರೆ ಎಲೆ ಅಡಿಕೆಯ ತಟ್ಟೆಯನ್ನೇ ಎತ್ತಿ ಬುಟ್ಟಿಯೊಳಗಿಡಬೇಕು ಅಂದುಕೊಂಡೆ.

ಆತ ಒಂದು ಎಲೆ ತೆಗೆದು ಸುಣ್ಣ ಸವರಿ ಮಡಚಿದ. ಆಮೇಲೆ ಭಾಬಿಯ ಕೈ ಕಡೆ ತಿರುಗಿ, "ನಾಕು ಆದ್ವು. ಹೆಬ್ಬಟ್ಟು ಯಾವ್ದ್ರಿ?" ಅಂದ.

ನನಗೆ ಕಣ್ಣಲ್ಲಿ ನೀರು ಬಂತು, ಅಡಿಕೆ ಖಾರ ಅಂತ ಹೇಳುವಂತೆಯೂ ಇರಲಿಲ್ಲ. ಸಾಹೇಬರ ಬೆರಳಿಗೆ ಕಿಮ್ಮತ್ತು ಹಾಗೇ ಇತ್ತು. ಅವರು ಬದುಕಿದ್ದಾಗಲೇ ಹೇಳಿಬಿಟ್ಟಿದ್ದರೂ ಇರುತ್ತಿತ್ತೇನೋ.

"ಹೆಬ್ಬಟ್ಟು ಖಾಲಿ ಇಟ್ಟಿದ್ರು" ಅಂದರು ಭಾಬಿ. "ಇನ್ನೂ ಅರ್ಧ ವರ್ಷ ಐತಿ, ಅವಸರ ಎದಕ್ಕ ಅಂತಿದ್ರು."

ಖಾಲಿ ಬಿಡಬಾರದು ಅಂತ ಲೆಕ್ಚರರ್ ಪಟ್ಟು ಹಿಡಿದ. ಭಾಬಿಯೇ ಒಂದು ನೋಡಿ ಆ ಹೆಬ್ಬಟ್ಟು ತುಂಬಿಸಬೇಕು ಅಂದ. ಅಲ್ಲಿದ್ದವರೆಲ್ಲ ಹೌದು ಹೌದು ಅಂದರು. ಸಂಕ್ರಾಂತಿ ಮುಗಿದ ಮೇಲೆ ಒಂದು ರವಿವಾರ ನಾನು ಭಾಬಿಯನ್ನು ಕರೆದುಕೊಂಡು ವಿಜಯಪುರಕ್ಕೆ ಮ್ಯಾಟ್ನಿಗೆ ಹೋದೆ. ನನಗೆ ಸಿನಿಮಾದ ಹುಚ್ಚಿಲ್ಲ, ಯಾವುದಕ್ಕೆ ಹೋಗಬೇಕೆಂದು ಲೆಕ್ಚರರನೇ ಹೇಳಿ ಕಳಿಸಿದ್ದ. ಭಾಬಿ ನನ್ನ ಎಡಕ್ಕೆ ಕೂತರು. "ಈ ಸಲ ನೀವೂ ಕಣ್ತೆರದು ನೋಡ್ರಿ ಭಾಬಿ" ಅಂದೆ. ಹೂಂ ಅಂದರು.

ದೀಪ ಆರಿತು. ಹೆಸರುಗಳು ಬರುವವರೆಗೆ ಕಣ್ಣು ತೆರೆದಿದ್ದರು. ಮೊದಲ ಮಾತು ಬಂದ ಕೂಡಲೇ ಕಣ್ಣು ತಾನಾಗಿ ಮುಚ್ಚಿತು, ತಲೆ ಬಗ್ಗಿತು, ತುಟಿ ಸಣ್ಣಗೆ ಆಡತೊಡಗಿತು. ಪರದೆಯ ಮೇಲೆ ಯಾರೋ ಆಡಿದ ಮಾತನ್ನು ಅವರು ಒಂದೊಂದಾಗಿ ಒಳಗೆ ಎತ್ತಿಡುತ್ತಿದ್ದರು. ನಾನು ಒಮ್ಮೆ ಪರದೆ ನೋಡುವೆ, ಒಮ್ಮೆ ಅವರನ್ನು ನೋಡುವೆ. ಇಂಟರ್ವಲ್ ಆದ ಮೇಲೆ ಪರದೆಯ ಕಡೆ ನೋಡಿದ್ದು ಕಡಿಮೆಯೇ.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಸ್ಟ್ಯಾಂಡು ಬಿಟ್ಟ ಕೂಡಲೇ ಭಾಬಿ ನನ್ನ ಕಿವಿಯ ಹತ್ತಿರ ಬಂದು ಶುರು ಮಾಡಿದರು. "ಅಣ್ಣ ಅಂದ, ಹೊಲದ ಕಾಗದ ಎಲ್ಲಿ. ತಂಗಿ ಅಂದ್ಳು, ಅವ್ವನ್ನ ಕೇಳು." ಎಲ್ಲವೂ ನಾನು ಈಗಷ್ಟೇ ಕೇಳಿ ಬಂದ ಮಾತುಗಳೇ. ಮುಂದಿನ ಸೀಟಿನವರು ಹಿಂತಿರುಗಿ ನೋಡಿ ನಕ್ಕರು. ನಾನು ಸುಮ್ಮನೆ ಕೇಳಿದೆ. ನಾಗಠಾಣ ದಾಟಿ ಎಷ್ಟೋ ದೂರ ಬಂದ ಮೇಲೆ ಅವರ ಸಿನಿಮಾ ಮುಗಿಯಿತು. ಒಂದು ಗುಟುಕು ನೀರು ಕುಡಿದು, ಬಾಟ್ಲಿಯ ಮುಚ್ಚಳ ಹಾಕಿ, ನನ್ನ ಮುಖ ನೋಡಿದರು.

"ನಂದು ಮುಗೀತ್ರಿ ಅಕ್ಕಾರ. ಈಗ ನೀವು ಹೇಳ್ರಿ, ಏನ್ ಕಂಡ್ರಿ?"

ತಂಗಿಯ ಸೀರೆಯ ಬಣ್ಣ, ಆ ಮನೆಯ ಬಾಗಿಲು, ಕಾಗದ ಸಿಕ್ಕಾಗ ಅಣ್ಣನ ಮುಖ, ಯಾವುದಾದರೂ ಒಂದು ನೆನಪಾಗಲಿ ಅಂತ ತಡಕಾಡಿದೆ. ಕಣ್ಮುಂದೆ ಬಂದದ್ದು ಕತ್ತಲಲ್ಲಿ ತುಟಿ ಆಡಿಸುತ್ತಾ ಕೂತ ಭಾಬಿ ಮಾತ್ರ. ಅದನ್ನು ಅವರಿಗೆ ಹೇಗೆ ಹೇಳುವುದು?

"ನಾನೂ ಏನೂ ಕಂಡಿಲ್ರಿ ಭಾಬಿ" ಅಂದೆ.

ಅವರು ನನ್ನ ಕೈ ಮೇಲೆ ಕೈಯಿಟ್ಟರು.

"ಹಂಗಿದ್ರ ಹೆಬ್ಬಟ್ಟು ಖಾಲೀನ ಇರ್ಲಿ ಬಿಡ್ರಿ" ಅಂದು ಕಿಟಕಿಯ ಕಡೆ ತಿರುಗಿದರು.